ಜೂನ್ ಒಂದರಂದು ಹುಟ್ಟಿದವರು

ನಮ್ಮ ಕಡೆಯವರಿಗೆ ಸಿಡಿಲಿನ ಮೇಲಿರುವಷ್ಟು ಭಯಭಕ್ತಿ ಬೇರೆ ಯಾವುದರ ಮೇಲೂ ಇಲ್ಲ. ಘಟ್ಟದ ಬುಡದಲ್ಲೆಲ್ಲೋ ಒಂದು ಗುಡುಗು ಕೇಳಿದರೆ ಸಾಕು, ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಮನೆಮನೆಯಲ್ಲೂ ಟಿ.ವಿ.ಯ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ಫೋನಿನ ವಯರು ಎಲ್ಲವನ್ನೂ ಕಿತ್ತು ಇಡುತ್ತಾರೆ. ಮೂಡುಬಿದಿರೆಯಲ್ಲಿ ನಮ್ಮ ಆಫೀಸಿದ್ದ ಕಟ್ಟಡದ ಯಜಮಾನರೂ ಇದೇ ಪೈಕಿ. ಕತ್ತಲಾದ ಮೇಲೆ ಮೋಡ ಗುಡುಗಿದರೆ ಛತ್ರಿ ಹಿಡಿದುಕೊಂಡು ಬಂದು ಇಡೀ ಕಟ್ಟಡದ ಮೈನ್ ಸ್ವಿಚ್ಚನ್ನೇ ಇಳಿಸಿ ಹೋಗುತ್ತಿದ್ದರು. ನಾವು ಸಂಜೆ ಹೋಗುವ ಮುಂಚೆ ಕಂಪ್ಯೂಟರಿನಲ್ಲಿ ಹಚ್ಚಿಟ್ಟು ಹೋದ ಟೆಸ್ಟುಗಳು ಬೆಳಿಗ್ಗೆ ಬಂದು ನೋಡಿದರೆ ಅರ್ಧಕ್ಕೇ ನಿಂತಿರುತ್ತಿದ್ದವು. ಹೇಳಲು ಹೋದರೆ, "ನಿಮ್ಮ ಟೆಸ್ಟ್ ಇನ್ನೊಂದು ಸಲ ಮಾಡ್ಬಹುದು ಮಾರಾಯ್ತಿ. ಕಟ್ಟಡ ಇನ್ನೊಂದು ಸಲ ಕಟ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು. ಹಾಗಾಗಿ, ಲೋಕವೆಲ್ಲ ರಾತ್ರಿ ಮಾಡುವ ಕೆಲಸವನ್ನು ನಾವು ಶುಕ್ರವಾರ ಹಾಡುಹಗಲೇ ಮಾಡುತ್ತಿದ್ದೆವು.

ಇದು ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದ ಕಾಲದ ಮಾತು. ಆಫೀಸಿನ ಧಣಿ ನಮ್ಮ ಕಡೆಯವರೇ, ಇದ್ದದ್ದು ಗಲ್ಫಿನಲ್ಲಿ. ಅಲ್ಲಿ ಊರೂರಿಗೆ ಕೆಲಸಗಾರರಿಗೆಂದು ಕ್ಲಿನಿಕ್ಕುಗಳನ್ನು ತೆರೆದಿದ್ದರು. ಆ ಅಷ್ಟೂ ಕ್ಲಿನಿಕ್ಕುಗಳಿಗೆ ಬೇಕಾದ ಸಾಫ್ಟ್‌ವೇರನ್ನು ನಾವು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಮಹಡಿಗಳಲ್ಲಿ ಕೂತು ಬರೆಯುತ್ತಿದ್ದೆವು. ರೋಗಿ ಬಂದು ಟೋಕನ್ ತೆಗೆದುಕೊಳ್ಳುವುದರಿಂದ ಹಿಡಿದು ಡಾಕ್ಟರ ಚೀಟಿ, ರಕ್ತಪರೀಕ್ಷೆ, ಔಷಧಿ, ಬಿಲ್ಲು, ಕೊನೆಗೆ ಸತ್ತರೆ ಕೊಡುವ ಸರ್ಟಿಫಿಕೇಟಿನವರೆಗೆ ಎಲ್ಲವೂ ಅದರೊಳಗಿತ್ತು. ಬರೆಯುವವರು ತುಂಬ ಜನ. ಬರೆದದ್ದು ಸರಿಯಿದೆಯೇ ಎಂದು ನೋಡುವವರು ಇಬ್ಬರು: ನಾನು ಮತ್ತು ಬೆಳ್ತಂಗಡಿ ಕಡೆಯಿಂದ ಬರುತ್ತಿದ್ದ ಒಬ್ಬಳು ತುಳು ಮನೆತನದವಳು. ನನಗಿಂತ ದೊಡ್ಡವಳಾದ್ದರಿಂದ ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ವೇಣೂರಿನ ಮೇಲೆ ಬರುವ ಬಸ್ಸಿನಲ್ಲಿ, ನಾನು ಸಿದ್ಧಕಟ್ಟೆಯ ಮೇಲೆ ಬರುವ ಬಸ್ಸಿನಲ್ಲಿ ಬಂದು, ಒಂದೇ ಮೇಜಿನ ಎರಡು ಬದಿಗೆ ಕೂರುತ್ತಿದ್ದೆವು.

ನನ್ನ ಕೆಲಸ ಏನೆಂದು ಮನೆಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. "ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಉಮ್ಮ" ಎಂದರೆ ನನ್ನ ತಾಯಿ, "ಅಲ್ಲ, ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ನೀನು ಮನೆಯಲ್ಲಿ ಪುಕ್ಕಟೆ ಮಾಡುವುದು ಅದನ್ನೇ ಅಲ್ವಾ?" ಎಂದಿದ್ದಳು. ಸುಳ್ಳಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಆದರೆ ಟೆಸ್ಟಿಂಗಿನಲ್ಲಿ ಆ ಗುಣಕ್ಕೆ ಸ್ವಲ್ಪ ಬೆಲೆಯಿದೆ. ಒಳ್ಳೆಯತನದಿಂದ ಬಗ್ಗು, ಅಂದರೆ ಪ್ರೋಗ್ರಾಮಿನೊಳಗೆ ಅಡಗಿದ ತಪ್ಪು, ಸಿಗುವುದಿಲ್ಲ.

ಟೆಸ್ಟುಗಳಲ್ಲಿ ನಾನಾ ನಮೂನೆ. ಪ್ರೋಗ್ರಾಮು ಬರೆಯುವವರು ತಾವು ಬರೆದ ಚೂರಿಗೆ ತಾವೇ ಬರೆದುಕೊಳ್ಳುವುದು ಯೂನಿಟ್ ಟೆಸ್ಟ್. ತಮ್ಮ ಮಗುವಿಗೆ ತಾವೇ ಮಾರ್ಕು ಹಾಕಿದ ಹಾಗೆ, ಯಾವಾಗಲೂ ನೂರಕ್ಕೆ ನೂರು. ಆಮೇಲೆ ಸ್ಮೋಕ್ ಟೆಸ್ಟ್: ಹೊಸ ಬಿಲ್ಡ್, ಅಂದರೆ ಎಲ್ಲರೂ ಬರೆದದ್ದನ್ನು ಒಟ್ಟು ಸೇರಿಸಿ ಕಟ್ಟಿದ ಪ್ರೋಗ್ರಾಮು, ಬಂದ ಕೂಡಲೇ ಅದು ಎದ್ದು ನಿಲ್ಲುತ್ತದೋ ಇಲ್ಲವೋ ಎಂದು ನೋಡುವುದು. ಅನ್ನ ಬೆಂದಿದೆಯಾ ಎಂದು ಒಂದು ಅಗುಳು ಹಿಸುಕಿದರೆ ತಿಳಿಯುತ್ತದಲ್ಲ, ಅಷ್ಟೇ. ಡಾಕ್ಟರ ಭಾಗವನ್ನೂ ಔಷಧಿಯ ಭಾಗವನ್ನೂ ಜೋಡಿಸಿ ನೋಡುವುದು ಇಂಟಿಗ್ರೇಶನ್. ಬೇರೆಬೇರೆಯಾಗಿ ಇಬ್ಬರೂ ಸಭ್ಯರು, ಒಂದೇ ಕಡೆ ಕೂರಿಸಿದರೆ ಗಲಾಟೆ. ಒಂದೇ ಹೊತ್ತಿಗೆ ನೂರಾರು ಸುಳ್ಳು ರೋಗಿಗಳನ್ನು ಕೌಂಟರಿಗೆ ನುಗ್ಗಿಸಿದರೆ ಅದು ಲೋಡ್ ಟೆಸ್ಟ್, ಆಗ ಒಳಕೋಣೆಯ ಸರ್ವರಿನ ಫ್ಯಾನು ಹೊರಗಿನವರೆಗೆ ಕೇಳುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ರಿಗ್ರೆಶನ್. ಹಿಂದೆ ಸಿಕ್ಕಿ, ಸರಿಮಾಡಿ, ಮುಗಿಯಿತು ಎಂದುಕೊಂಡ ತಪ್ಪುಗಳು ಮತ್ತೆ ಎದ್ದು ಬಂದಿವೆಯೇ ಎಂದು ವಾರವಾರವೂ ನೋಡುವುದು. ಹೊಡೆದು ಹಾಕಿದ ಹಾವನ್ನು ಕೋಲಿನಿಂದ ತಿವಿಯುವ ಕೆಲಸ ಅದು, ಮತ್ತು ಕೆಲವು ಹಾವುಗಳು ನಿಜಕ್ಕೂ ಹರಿದಾಡುತ್ತಿದ್ದವು.

ಶುಕ್ರವಾರ ಗಲ್ಫಿಗೆ ರಜೆ, ಅಲ್ಲಿಂದ ಫೋನ್ ಬರುವುದಿಲ್ಲ. ನಮ್ಮಲ್ಲಿ ಅರ್ಧ ಜನ ಜುಮಾಕ್ಕೆ ಮಸೀದಿಗೆ ಹೋಗುತ್ತಿದ್ದರು, ಉಳಿದರ್ಧ ಮೀನೂಟಕ್ಕೆ. ಕಂಪ್ಯೂಟರುಗಳೆಲ್ಲ ಖಾಲಿ. ನಾನೂ ಅಕ್ಕನೂ ಎಲ್ಲದರಲ್ಲೂ ಟೆಸ್ಟ್ ಹಚ್ಚಿ, ಬುತ್ತಿ ಬಿಚ್ಚಿ ಕೂರುತ್ತಿದ್ದೆವು. ಸಾಲುಸಾಲು ಪರದೆಗಳ ಮೇಲೆ ಮೌಸಿನ ಬಾಣ ತಾನೇ ಓಡಾಡುವುದು, ಖಾಲಿ ಜಾಗಗಳಲ್ಲಿ ಅಕ್ಷರಗಳು ತಾವೇ ತುಂಬಿಕೊಳ್ಳುವುದು. ಕೆಳಗಿನ ಹೋಟೆಲಿನಿಂದ ಚಹಾ ತಂದವರೊಬ್ಬರು ಅದನ್ನು ಮೊದಲ ಸಲ ನೋಡಿ, "ಎಂಚಿ ಸಾವು ಮಾರಾಯ್ರೆ, ಇದೆಂತದ್ದು! ಕುರ್ಚಿಯಲ್ಲಿ ಯಾರೂ ಇಲ್ಲ!" ಎಂದು ಗ್ಲಾಸುಗಳನ್ನು ಬಾಗಿಲಲ್ಲೇ ಇಟ್ಟು ಹೋದರು. ಸರಿಯಾದದ್ದು ಹಸಿರು ಗೆರೆ, ತಪ್ಪಿದ್ದು ಕೆಂಪು ಗೆರೆ. ಊಟ ಮುಗಿಯುವ ಹೊತ್ತಿಗೆ ಕೆಂಪನ್ನೆಲ್ಲ ಆರಿಸಿ, ಯಾರ ತಪ್ಪೋ ಅವರಿಗೆ ಕೊಡುವುದು. ಶುಕ್ರವಾರ ನಾನು ಬಹಳ ಸಂತೋಷದಲ್ಲಿರುತ್ತಿದ್ದೆ.

ಟೆಸ್ಟಿಗೆ ಸುಳ್ಳು ರೋಗಿಗಳು ಬೇಕು. ಅವರಿಗೆ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಊರು, ಕಾಯಿಲೆ ಎಲ್ಲ ಬೇಕು. ಎಷ್ಟೆಂದು ಹುಟ್ಟಿಸುವುದು? ಅಕ್ಕ ತನ್ನ ಕುಟುಂಬದ ಮಾವಂದಿರನ್ನೆಲ್ಲ ಆಸ್ಪತ್ರೆಗೆ ಸೇರಿಸಿದ್ದಳು. ನಾನು ಬಾಪನನ್ನು ಸೇರಿಸಿದೆ. ಬಾಪ ಎಂದರೆ ನನ್ನ ತಂದೆ. ನಾನು ಸಣ್ಣವಳಿದ್ದಾಗಲೇ ಗಲ್ಫಿಗೆ ಹೋಗಿ, ಒಂದು ಕಂಪೆನಿಯ ಕೆಲಸಗಾರರ ಕ್ಯಾಂಪಿನಲ್ಲಿ ಅಡುಗೆ ಮಾಡಿಕೊಂಡಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರ ವಿವರಗಳು ನನಗೆ ಬಾಯಿಪಾಠ. ಅದರಲ್ಲೊಂದು ಅತಿ ಮುಖ್ಯವಾದದ್ದು, ಪೆನ್ಸಿಲಿನ್ ಇಂಜೆಕ್ಷನ್ ಅವರಿಗೆ ಆಗುವುದಿಲ್ಲ ಎನ್ನುವುದು. ಒಮ್ಮೆ ರಜೆಯಲ್ಲಿ ಊರಿಗೆ ಬಂದಿದ್ದಾಗ, ಕಾಲಿನ ಗಾಯಕ್ಕೆಂದು ಆ ಇಂಜೆಕ್ಷನ್ ಹಾಕಿಸಿಕೊಂಡು ಇನ್ನೂ ಆಸ್ಪತ್ರೆಯ ಮೆಟ್ಟಿಲು ಇಳಿದಿಲ್ಲ, ಮುಖ ಊದಿ, ಉಸಿರು ಸಿಕ್ಕಿ, ಅಲ್ಲೇ ಬಿದ್ದರು. ಪುಣ್ಯಕ್ಕೆ ಡಾಕ್ಟರು ಹತ್ತಿರವೇ ಇದ್ದರು. "ಇನ್ನೊಂದು ಸಲ ಹಾಕಿದರೆ ಉಳಿಸಲಿಕ್ಕೆ ಆಗುವುದಿಲ್ಲ, ನೆನಪಿರಲಿ" ಎಂದು ಅವರು ಹೇಳಿದ್ದು ಉಮ್ಮನ ಕಿವಿಯಲ್ಲಿ ಕೂತುಬಿಟ್ಟಿತ್ತು. ಆಮೇಲೆ ಅವಳು ಹಲ್ಲಿನ ಡಾಕ್ಟರಿಗೂ, ಕನ್ನಡಕದವನಿಗೂ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಗಲ್ಫಿನಲ್ಲಿ ಹೇಳುವವರು ಯಾರು ಎನ್ನುವುದು ಅವಳ ಚಿಂತೆ. ಬಾಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ; ನಾನು ಬರೆದು ಕೊಟ್ಟ ಚೀಟಿ ನೋಡಿ ಅಲ್ಲಿನ ಕ್ಲಿನಿಕ್ಕಿನವರು ಅದನ್ನು ಅವರ ಫೈಲಿಗೆ ಹಾಕಿಕೊಂಡಿದ್ದರು, ಅಷ್ಟೇ ಧೈರ್ಯ.

ಹೀಗೆ ನನ್ನ ಟೆಸ್ಟಿನ ಬಾಪ ಪ್ರತಿ ಶುಕ್ರವಾರ ಕ್ಲಿನಿಕ್ಕಿಗೆ ಬರುತ್ತಿದ್ದರು. ಡಾಕ್ಟರು ಆ ಇಂಜೆಕ್ಷನ್ ಬರೆಯುತ್ತಿದ್ದರು, ಕಂಪ್ಯೂಟರು ಕೆಂಪಕ್ಷರದಲ್ಲಿ "ಬೇಡ" ಎನ್ನುತ್ತಿತ್ತು, ಟೆಸ್ಟು ಹಸಿರಾಗುತ್ತಿತ್ತು. ಮೊದಮೊದಲು ಸಾವಿನ ಸರ್ಟಿಫಿಕೇಟಿನ ಟೆಸ್ಟಿಗೂ ಅವರನ್ನೇ ಹಾಕಿದ್ದೆ. ಅದನ್ನು ತಮಾಷೆಗೆಂದು ಉಮ್ಮನಿಗೆ ಹೇಳಿ ಕೆಟ್ಟೆ. "ತೌಬಾ! ತೌಬಾ! ವಾರವಾರ ಕೊಲ್ತೀಯಾ ಅವರನ್ನು? ನಿನ್ನ ಬಾಯಿಗೆ ಮಣ್ಣು ಬೀಳ" ಎಂದು ಸೌಟು ಎತ್ತಿಕೊಂಡು ಬಂದಳು. ಮರುದಿನ ಆಫೀಸಿಗೆ ಹೋಗಿ ಸಾವನ್ನು, ಇಲ್ಲದ ಊರಿನ ಇಲ್ಲದ ಮನುಷ್ಯನೊಬ್ಬನಿಗೆ ವರ್ಗಾಯಿಸಿದೆ. ಅಕ್ಕನೂ ತನ್ನ ಮಾವಂದಿರನ್ನು ಬದುಕಿಸಿಕೊಂಡಳು.

ಆ ವರ್ಷದ ಮಳೆಗಾಲಕ್ಕೆ ಮುಂಚೆ ಗಲ್ಫಿನಿಂದ ಒಂದು ದೂರು ಬಂತು. ಒಬ್ಬನೇ ರೋಗಿಗೆ ಮೂರು ಮೂರು ಫೈಲು ಆಗುತ್ತಿವೆ ಎಂದು. ಅಲ್ಲಿ ಕೆಲಸಗಾರರ ಪಾಸ್‌ಪೋರ್ಟ್ ಅವರ ಕೈಯಲ್ಲಿರುತ್ತಿರಲಿಲ್ಲ, ಕಂಪೆನಿಯವರ ಹತ್ತಿರ ಇರುತ್ತಿತ್ತು. ಕಂಪೆನಿಯ ಕಾರ್ಡು ಕೆಲಸ ಬದಲಾದ ಹಾಗೆ ಬದಲಾಗುತ್ತಿತ್ತು. ಕಾರ್ಡಿನ ನಂಬರು ಬೇರೆ ಎಂದರೆ ಕಂಪ್ಯೂಟರಿಗೆ ಮನುಷ್ಯನೂ ಬೇರೆ. ಇದಕ್ಕೆ ಪರಿಹಾರ ಬರೆಯಲು ಕೂತವನು ಹುಬ್ಬಳ್ಳಿ ಕಡೆಯ ಒಬ್ಬ ಪ್ರೋಗ್ರಾಮರ್. ಮೂಡುಬಿದಿರೆಗೆ ಇಂಜಿನಿಯರಿಂಗ್ ಓದಲು ಬಂದು, ಊರು ಹಿಡಿಸಿ ಇಲ್ಲೇ ಉಳಿದವನು. ಬುದ್ಧಿವಂತ, ಒಳ್ಳೆಯವನು, ನನ್ನ ಹಾಗೆಯೇ ಹಟಮಾರಿ. ಅವನು ಒಂದು ನಿಯಮ ಬರೆದ: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ತಾಲೂಕು, ಈ ನಾಲ್ಕೂ ಒಂದೇ ಆಗಿದ್ದರೆ ಆ ಫೈಲುಗಳು ತಾವಾಗಿಯೇ ಕೂಡಿ ಒಂದಾಗಬೇಕು. ಯಾರನ್ನೂ ಕೇಳುವ ಹಾಗಿಲ್ಲ.

ಓದಿ ನನಗೆ ನಗು ಬಂತು. ಒಂದು ಕ್ಷಣ ಕಳೆದ ಮೇಲೆ ಬಾಪನ ರೂಮಿನವರೊಬ್ಬರು ನೆನಪಾಗಿ ನಗು ನಿಂತಿತು.

ಬಾಪನ ಕ್ಯಾಂಪಿನ ರೂಮಿನಲ್ಲಿ ಮಂಚಕ್ಕೆ ಮಂಚ ತಾಗಿ ಮಲಗುತ್ತಿದ್ದ ಒಬ್ಬರು ವಿಟ್ಲದವರು. ಅವರ ಹೆಸರೂ ಬಾಪನ ಹೆಸರೂ ಒಂದೇ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಂಟ್ವಾಳದ ಪೇಟೆಯಲ್ಲಿ ನಿಂತು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅಷ್ಟು ಸಾಮಾನ್ಯ. ಇಬ್ಬರ ತಂದೆಯರ ಹೆಸರೂ ಒಂದೇ. ವಿಟ್ಲ ಇರುವುದೂ ಬಂಟ್ವಾಳ ತಾಲೂಕಿನಲ್ಲೇ. ಇಬ್ಬರೂ ಒಂದೇ ವರ್ಷ ಶಾಲೆಗೆ ಸೇರಿದವರು, ಹಾಗಾಗಿ ಇಬ್ಬರೂ ಹುಟ್ಟಿದ್ದು ಜೂನ್ ಒಂದರಂದು. ಊರಿಂದ ಹೋದ ಪತ್ರಗಳು ಅದಲುಬದಲಾಗಿ, ನಾನು ಪರೀಕ್ಷೆಯಲ್ಲಿ ಪಾಸಾದ ಸುದ್ದಿಯನ್ನು ಮೊದಲು ಓದಿ ಸಂತೋಷಪಟ್ಟವರು ವಿಟ್ಲದವರೇ. ಅವರಿಗೆ ಪೆನ್ಸಿಲಿನ್ ಏನೂ ಮಾಡುತ್ತಿರಲಿಲ್ಲ.

ಎರಡು ಫೈಲು ಒಂದಾದರೆ ಯಾರ "ಬೇಡ" ಉಳಿಯುತ್ತದೆ? ನಾನು ಆವತ್ತೇ ಟೆಸ್ಟ್ ಬರೆದೆ. ಮೊದಲು ಬಾಪ ಬರುತ್ತಾರೆ, ಆಮೇಲೆ ವಿಟ್ಲದವರು ಬರುತ್ತಾರೆ, ಕೊನೆಗೆ ಫೈಲು ಎರಡೇ ಇರಬೇಕು. ಓಡಿಸಿದೆ. ಕೆಂಪು. ಒಳಗೆ ಇಣುಕಿದರೆ ಫೈಲು ಒಂದೇ ಉಳಿದಿತ್ತು. ಹೊಸದು ಹಳೆಯದನ್ನು ಅಳಿಸಿ ಕೂತಿತ್ತು, ಇಂಜೆಕ್ಷನ್ನಿನ ಜಾಗದಲ್ಲಿ ಏನೂ ಇರಲಿಲ್ಲ.

ಪ್ರೋಗ್ರಾಮರನನ್ನು ಕರೆದು ತೋರಿಸಿದೆ. ಅವನು ಕೈಕಟ್ಟಿ ನಿಂತು ನೋಡಿ, "ಏನ್ರೀ ಮೇಡಂ ಇದು? ಹೆಸರು ಒಂದ, ಅಪ್ಪನ ಹೆಸರು ಒಂದ, ಊರು ಒಂದ, ಹುಟ್ಟಿದ್ ದಿನಾನೂ ಒಂದ. ಅಂಥಾ ಇಬ್ರು ಮಂದಿ ಜಗತ್ತಿನ್ಯಾಗ ಎಲ್ಲಿ ಸಿಗ್ತಾರ್ರೀ?" ಎಂದ.

"ಒಂದೇ ರೂಮಲ್ಲಿ ಸಿಗ್ತಾರೆ ಮಾರಾಯ್ರೇ!"

"ಹಂಗೇನಿಲ್ರೀ. ಸುಳ್ಳು ಡಾಟಾ ಹಾಕಿ ನನ್ನ ಕೋಡಿಗೆ ಕೆಂಪು ಬಳೀತೀರಿ. ಹೆಸರು ಬಿಡ್ರಿ, ಹುಟ್ಟಿದ್ ದಿನ ಹೆಂಗ ಒಂದ ಆಗ್ತದ?"

ಪಿತ್ತ ನೆತ್ತಿಗೇರಿತು. ಅಲ್ಲೇ ಎದ್ದು ನಿಂತು ಮಹಡಿಯಿಡೀ ಕೇಳುವ ಹಾಗೆ ಹೇಳಿದೆ: "ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ. ಸರ್ಟಿಫಿಕೇಟಿನಲ್ಲಿ ಜೂನ್ ಒಂದರಂದು ಹುಟ್ಟಿದವರು ಯಾರೆಲ್ಲ ಇದ್ದೀರಿ, ಕೈ ಎತ್ತಿ."

ಒಂದು ಕೈ ಎದ್ದಿತು. ನಗುತ್ತ ಇನ್ನೊಂದು. ಕಿಟಕಿಯ ಸಾಲಿನಲ್ಲಿ ಮೂವರು ಒಟ್ಟಿಗೆ ಎತ್ತಿದರು. ಅಕ್ಕ ಬುತ್ತಿಯ ಮುಚ್ಚಳ ಹಿಡಿದಿದ್ದ ಕೈಯನ್ನೇ ಎತ್ತಿದಳು. ಕೊನೆಗೆ ಗಾಜಿನ ಕೋಣೆಯ ಬಾಗಿಲಲ್ಲಿ ಗಲಾಟೆ ಏನೆಂದು ನೋಡಲು ಬಂದಿದ್ದ ನಮ್ಮ ಮ್ಯಾನೇಜರು ಸಹ, ಯಾಕೆಂದು ಗೊತ್ತಿಲ್ಲದೆಯೇ, ಕೈ ಎತ್ತಿದರು. ನನ್ನ ಕೈ ಮೊದಲೇ ಮೇಲಿತ್ತು.

ಹುಬ್ಬಳ್ಳಿಯವನ ತಂದೆ ತಾಯಿ ಇಬ್ಬರೂ ಶಾಲಾಮಾಸ್ತರರು. ಮಗ ಹುಟ್ಟಿದ ಗಳಿಗೆಯನ್ನೂ ಬರೆದಿಟ್ಟವರು. ಅವನು ಆ ಕೈಗಳನ್ನೆಲ್ಲ ನೋಡಿ, "ಜೂನ್ ಒಂದಕ್ಕ ನಿಮ್ಮೂರಿನ ಹೆರಿಗೆ ಆಸ್ಪತ್ರ್ಯಾಗ ಭಾಳ ಗದ್ಲ ಇರ್ತದೇನ್ರೀ?" ಎಂದ. ಇಡೀ ಮಹಡಿ ನಕ್ಕಿತು.

ಅಕ್ಕನೇ ಅವನಿಗೆ ಬಿಡಿಸಿ ಹೇಳಿದಳು. "ಹಾಗಲ್ಲ ಮಾರಾಯ. ನಮ್ಮಲ್ಲಿ ಹುಟ್ಟಿದ ದಿನ ಯಾರು ನೆನಪು ಇಟ್ಕೊಳ್ತಾರೆ? ಗದ್ದೆಯಲ್ಲಿ ನೇಜಿ ನೆಡುವಾಗ ಹುಟ್ಟಿದ್ದು, ದೊಡ್ಡ ನೆರೆ ಬಂದಾಗ ಹುಟ್ಟಿದ್ದು, ಅಷ್ಟೇ. ಶಾಲೆಗೆ ಸೇರಿಸ್ಲಿಕ್ಕೆ ಹೋದ್ರೆ ಹೆಡ್ಮಾಸ್ಟ್ರು ಮಗುವನ್ನು ಒಮ್ಮೆ ನೋಡ್ತಾರೆ. ಕೈ ತಲೆಯ ಮೇಲಿಂದ ಹೋಗಿ ಆಚೆ ಕಿವಿ ಮುಟ್ತದೆ ಅಂತಾದ್ರೆ ಸೇರಿಸುವ ಪ್ರಾಯ ಆಯ್ತು ಅಂತ ಲೆಕ್ಕ. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ, ಹಾಗಾಗಿ ಹುಟ್ಟಿದ್ದೂ ಜೂನ್ ಒಂದಕ್ಕೆ."

ಅವನು ತಲೆ ಕೆರೆದುಕೊಂಡ. ಆದರೆ ಸೋತವನು ಅವನೊಬ್ಬನೇ, ಮ್ಯಾನೇಜರಲ್ಲ. ಅವರಿಗೆ ಮುಂದಿನ ವಾರ ಬಿಲ್ಡನ್ನು ಗಲ್ಫಿಗೆ ಕಳಿಸಬೇಕಿತ್ತು. ಧಣಿಗೆ ರಿಪೋರ್ಟಿನಲ್ಲಿ ಹಸಿರಲ್ಲದೆ ಬೇರೆ ಬಣ್ಣ ಕಾಣಬಾರದು. ನನ್ನನ್ನು ಒಳಗೆ ಕರೆದು, ಮೆಲ್ಲಗೆ, "ನೋಡು, ನಿನ್ನ ಅದೊಂದು ಕೆಂಪು ಉಂಟಲ್ಲ, ಅದನ್ನು ಸದ್ಯಕ್ಕೆ ಓಡಿಸುವುದು ಬೇಡ. ಅಲ್ಲೇ ಇರಲಿ, ಬಿಟ್ಟು ಓಡಿಸುವ. ಮುಂದಿನ ಬಿಲ್ಡಿಗೆ ನೋಡುವ" ಎಂದರು.

ಒಂದು ಟೆಸ್ಟನ್ನು ಬಿಟ್ಟು ಓಡಿಸುವುದು ಸುಲಭ. ಮುಂದೆ ಒಂದು ಗುರುತು ಹಾಕಿದರೆ ಸಾಕು, ಅದು ಕೆಂಪೂ ಅಲ್ಲ ಹಸಿರೂ ಅಲ್ಲ, ರಿಪೋರ್ಟಿನಲ್ಲಿ ಕಾಣುವುದೇ ಇಲ್ಲ. ಹಾಗೆ "ಸದ್ಯಕ್ಕೆ" ಬಿಟ್ಟ ಟೆಸ್ಟುಗಳನ್ನು ಮತ್ತೆ ಯಾರಾದರೂ ಎಬ್ಬಿಸಿದ್ದನ್ನು ನಾನು ನೋಡಿಲ್ಲ.

"ಸರ್, ಆ ಟೆಸ್ಟಿನಲ್ಲಿ ಇರುವುದು ನನ್ನ ಬಾಪ" ಎಂದೆ. ಜಗಳಕ್ಕೆಂದೇ ಒಳಗೆ ಹೋಗಿದ್ದವಳು ಕುರ್ಚಿ ಎಳೆದು ಕೂತೆ. "ಆ ಕ್ಯಾಂಪಿನವರು ಹೋಗುವುದು ನಮ್ಮದೇ ಕ್ಲಿನಿಕ್ಕಿಗೆ. ಇದನ್ನು ಹೀಗೇ ಕಳಿಸಿದರೆ, ಒಂದು ದಿನ ಅವರಿಗೆ ಜ್ವರ ಬಂದು ಅಲ್ಲಿಗೆ ಹೋದರೆ, ಅವರ ಫೈಲಿನಲ್ಲಿ ಆ ಇಂಜೆಕ್ಷನ್ ಬೇಡ ಅಂತ ಬರೆದದ್ದು ಇರುವುದಿಲ್ಲ. ಮತ್ತೆ ನಾನು ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ?"

ಮ್ಯಾನೇಜರು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದರು. "ಮುಂದಿನ ಶುಕ್ರವಾರದವರೆಗೆ ನೋಡುವ. ಅಷ್ಟರೊಳಗೆ ಸರಿ ಮಾಡಿ. ಇಲ್ಲದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ, ಹೋಗ್ತದೆ" ಎಂದರು.

ಉಪಾಯ ಹೇಳಿದವಳು ಅಕ್ಕ. "ನಮ್ಮಲ್ಲಿ ಗುರುತು ಕೇಳುವುದಾದ್ರೆ ತಾಯಿಯ ಮನೆ ಯಾವುದು ಅಂತ ಕೇಳುವುದು. ಅಪ್ಪನ ಹೆಸರು ಆಮೇಲೆ. ತಾಯಿಯ ಹೆಸರನ್ನೂ ಸೇರಿಸಿ ನೋಡುವ" ಎಂದಳು. ಅಳಿಯಸಂತಾನದ ಮನೆಯವಳು, ಆಸ್ತಿಯೂ ಗುರುತೂ ತಾಯಿಯ ಕಡೆಯಿಂದಲೇ ಬರುವುದು. ಹುಬ್ಬಳ್ಳಿಯವನಿಗೂ ಅದು ಹಿಡಿಸಿತು. ಅದೇ ಸಂಜೆಯೊಳಗೆ ತಾಯಿಯ ಹೆಸರಿಗೊಂದು ಜಾಗ ಮಾಡಿ, ಅವನ ಯೂನಿಟ್ ಟೆಸ್ಟುಗಳನ್ನೆಲ್ಲ ಹಸಿರು ಮಾಡಿ ತೋರಿಸಿದ. ನನ್ನ ಟೆಸ್ಟಿಗೆ ಬಾಪನ ಉಮ್ಮನ ಹೆಸರು ಬರೆಯಬೇಕಿತ್ತು. ಬರೆಯಲು ಕೂತವಳು ಕೈಯನ್ನು ಕೀಲಿಮಣೆಯ ಮೇಲಿಟ್ಟು ಹಾಗೇ ಕೂತೆ. ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಎಲ್ಲರಿಗೂ ಅವರು ಬಲ್ಯುಮ್ಮ, ದೊಡ್ಡ ಉಮ್ಮ, ಅಷ್ಟೇ. ಅವರನ್ನೇ ಕೇಳೋಣವೆಂದರೆ ಆಗಲೇ ತೀರಿಕೊಂಡಿದ್ದರು. ಆ ಮಡಿಲಲ್ಲಿ ಮಲಗಿ ಎಷ್ಟು ಕತೆ ಕೇಳಿದ್ದೇನೆ, ಆ ಕೈಯ ಅಕ್ಕಿರೊಟ್ಟಿ ಎಷ್ಟು ತಿಂದಿದ್ದೇನೆ, ಹೆಸರು ಕೇಳಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ. ಉಮ್ಮನನ್ನು ಕೇಳಿದರೆ, "ಅತ್ತೆಯನ್ನು ಹೆಸರು ಹಿಡಿದು ಕರೀಲಿಕ್ಕೆ ಉಂಟಾ? ನನಗೆ ಹೇಗೆ ಗೊತ್ತು?" ಎಂದಳು. ಮೂವತ್ತು ವರ್ಷ ಒಟ್ಟಿಗೆ ಒಲೆ ಉರಿಸಿದವಳು! ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಬಾಪ ಪ್ರತಿ ಗುರುವಾರ ಸಂಜೆ ಮನೆಗೆ ಫೋನ್ ಮಾಡುವವರು, ಆದರೆ ಆ ವಾರ ನಾನು ಮನೆ ಸೇರುವಾಗ ರಾತ್ರಿಯಾಗುತ್ತಿತ್ತು. ಈ ಸಲ ಶುಕ್ರವಾರ ನನ್ನ ಆಫೀಸಿಗೇ ಮಾಡಲಿ, ಅಲ್ಲಿ ವಿಟ್ಲದವರೂ ಹತ್ತಿರ ಇರಲಿ ಎಂದು ಉಮ್ಮನ ಕೈಯಲ್ಲಿ ಹೇಳಿ ಕಳಿಸಿದೆ.

ಶುಕ್ರವಾರ ಎಂದೂ ಸದ್ದು ಮಾಡದ ಫೋನು ಆವತ್ತು ಸದ್ದು ಮಾಡಿತು. ಸುತ್ತಲೂ ಬಾಣಗಳು ತಾವೇ ಓಡಾಡುತ್ತಿದ್ದವು. ನಾನು ಬಲ್ಯುಮ್ಮನ ಹೆಸರು ಕೇಳಿದೆ. ಎಷ್ಟೋ ವರ್ಷಗಳಿಂದ ಯಾರೂ ಕೇಳದಿದ್ದ ಪ್ರಶ್ನೆಯಿರಬೇಕು. ಬಾಪ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ ಮೆಲ್ಲಗೆ ಆ ಹೆಸರು ಹೇಳಿದರು. ಬರೆದುಕೊಂಡೆ. "ಅವರದ್ದು?" ಎಂದೆ. ಬಾಪ ಅತ್ತ ತಿರುಗಿ ಕೇಳಿದ್ದು ಕೇಳಿಸಿತು, ವಿಟ್ಲದವರು ಹೇಳಿದ್ದೂ ಕೇಳಿಸಿತು, ಆಮೇಲೆ ಇಬ್ಬರೂ ಬಿದ್ದುಬಿದ್ದು ನಕ್ಕದ್ದು ಕೇಳಿಸಿತು.

"ಅದೂ ಅದೇ ಹೆಸರು ಮಗಳೇ" ಎಂದರು ಬಾಪ.

ಆ ಕಾಲದಲ್ಲಿ ನಮ್ಮ ಪೈಕಿ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಹೆಸರುಗಳೇ ಬೆರಳೆಣಿಕೆಯಷ್ಟು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎದುರಿನ ಪರದೆಯಲ್ಲಿ ನನ್ನ ಕೆಂಪು ಗೆರೆ ಹಾಗೇ ಇತ್ತು, ಗಡುವು ಸಂಜೆಗೆ ಮುಗಿಯುವುದು. ಸಿಟ್ಟಿನಲ್ಲಿ, ಬಾಪನ ಮೇಲೆಯೇ ಸಿಟ್ಟಿನಲ್ಲಿ, "ಹಾಗಾದರೆ ನಿಮ್ಮಿಬ್ಬರನ್ನು ಅಲ್ಲಿ ಜನ ಬೇರೆ ಮಾಡುವುದಾದರೂ ಹೇಗೆ?" ಎಂದು ಕೇಳಿದೆ.

"ಹೇಗೆ ಅಂದರೆ? ಕೇಳ್ತಾರೆ" ಎಂದರು ಬಾಪ. "ಬಾಗಿಲಲ್ಲಿ ನಿಂತು ಹೆಸರು ಕರೀತಾರೆ, ಇಬ್ಬರೂ ಎದ್ದರೆ, ನೀನಾ ಅವನಾ ಅಂತ ಕೇಳ್ತಾರೆ. ಅದರಲ್ಲೇನುಂಟು?"

ಫೋನ್ ಇಟ್ಟ ಮೇಲೂ ಆ ಮಾತು ಕಿವಿಯಲ್ಲಿತ್ತು. ಇವತ್ತು ತಾಯಿಯ ಹೆಸರು ಸೇರಿಸಿದೆವು, ಸಾಲಲಿಲ್ಲ. ನಾಳೆ ಊರಿನ ಹೆಸರು ಸೇರಿಸಿದರೆ ಒಂದೇ ಊರಿನ ಇಬ್ಬರು ಬರುತ್ತಾರೆ. ಎಷ್ಟು ಸೇರಿಸಿದರೂ ಇನ್ನೊಬ್ಬ ಬಾಪ, ಇನ್ನೊಬ್ಬ ವಿಟ್ಲದವರು ಎಲ್ಲಿಂದಾದರೂ ಎದ್ದು ಬರುತ್ತಾರೆ. ಹುಬ್ಬಳ್ಳಿಯವನು ಊಟ ಮುಗಿಸಿ ಬಂದ ಕೂಡಲೇ, "ಗೊತ್ತಾಗದಿದ್ದರೆ ಅದು ತಾನೇ ಕೂಡಿಸುವುದು ಬೇಡ. ನಿಂತು ಕೇಳಲಿ" ಎಂದೆ.

"ಯಾರನ್ನ ಕೇಳಬೇಕ್ರೀ?"

"ಎದುರಿಗೆ ಬಂದು ನಿಂತಿದ್ದಾರಲ್ಲ, ಅವರನ್ನೇ. ಕೌಂಟರಿನವನು ಅವರ ಮುಖ ನೋಡಿ ಕೇಳಿ ಉತ್ತರ ಒತ್ತುವ ತನಕ ಮುಂದೆ ಹೋಗಬಾರದು."

ಅವನು ಕುರ್ಚಿಯಲ್ಲಿ ಕುಸಿದು ಕೂತ. "ಯಾರನ್ನೂ ಕೇಳೋ ಕೆಲಸ ಇರಬಾರ್ದು ಅಂತನ ಇಷ್ಟೆಲ್ಲಾ ಬರ್ದೇನಿ ಮೇಡಂ" ಎಂದ. ಪಾಪ ಅನಿಸಿತು. ಆದರೆ ಬರೆಯಲು ಕೂತ. ಕೂಡಿಸುವ ಭಾಗವನ್ನು ತಾನೇ ಕಿತ್ತ, ತಾಯಿಯ ಹೆಸರಿನ ಜಾಗವನ್ನು ಅಕ್ಕನ ಮೇಲಿನ ಗೌರವಕ್ಕೆ ಹಾಗೇ ಬಿಟ್ಟ. ಪರದೆಯ ಮೇಲೆ ಎರಡೂ ಫೈಲು ಒಂದರ ಕೆಳಗೊಂದು ಕಾಣುವ ಹಾಗೆ ಮಾಡಿ, ಮೇಲೆ ಬರೆಯುವ ಪ್ರಶ್ನೆ ಯಾವುದು ಎಂದು ಕೇಳಿದ. ಮ್ಯಾನೇಜರು ಇಂಗ್ಲಿಷಿನಲ್ಲಿ ಮೂರು ಸಾಲಿನದ್ದೊಂದು ಹೇಳಿದರು. ಅಕ್ಕ, "ಯಾಕೆ ಸುಮ್ಮನೆ? ಇದು ನೀ‍ವಾ ಅಂತ ಕೇಳಿದ್ರೆ ಸಾಲದಾ?" ಎಂದಳು. ಅದನ್ನೇ ಇಂಗ್ಲಿಷಿನಲ್ಲೂ ಅರಬಿಯಲ್ಲೂ ಹಾಕಿದೆವು.

ನಾನು ನನ್ನ ಟೆಸ್ಟಿನ ಕೊನೆಯ ಸಾಲನ್ನು ಬದಲಿಸಿದೆ. ಮೊದಲು "ಫೈಲು ಎರಡೇ ಇರಬೇಕು" ಎಂದಿತ್ತು. ಈಗ "ನಿಂತು ಕೇಳಬೇಕು, ಉತ್ತರ ಬರುವವರೆಗೆ ಏನನ್ನೂ ಮುಟ್ಟಬಾರದು" ಎಂದು ಬರೆದೆ. ಒಂದು ಪ್ರಶ್ನೆ ಹೆಚ್ಚಾದ್ದರಿಂದ ಕೌಂಟರು ನಿಧಾನವಾಗುತ್ತದೆ ಎಂದು ಮ್ಯಾನೇಜರು ಗೊಣಗಿದರು, ಲೋಡ್ ಟೆಸ್ಟನ್ನೂ ಮತ್ತೊಮ್ಮೆ ಹಚ್ಚಿದೆವು. ಸರ್ವರಿನ ಫ್ಯಾನು ಕೂಗಿತು, ತಡೆದುಕೊಂಡಿತು. ರಿಗ್ರೆಶನ್ ಮುಗಿಯುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿ ಮೊದಲ ಗುಡುಗು ಕೇಳಿತು. ಅಕ್ಕ ಓಡಿ ಹೋಗಿ ಮೆಟ್ಟಿಲಲ್ಲಿ ಯಜಮಾನರನ್ನು ಮಾತಿಗೆಳೆದು ನಿಲ್ಲಿಸಿಕೊಂಡಳು. ಅವಳು ಅವರ ಮನೆಯ ನಾಯಿಯ ಸುದ್ದಿಯವರೆಗೆ ವಿಚಾರಿಸಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಬುಡದಿಂದ ತುದಿಯವರೆಗೆ ಹಸಿರು ಬಂದಿತ್ತು. ಅದಾದ ಮೇಲೆ ಮೈನ್ ಸ್ವಿಚ್ಚು ಬಿತ್ತು. ಕತ್ತಲಲ್ಲೇ ಗೋಳಿಬಜೆ ತರಿಸಿ ತಿಂದೆವು, ದುಡ್ಡು ಹುಬ್ಬಳ್ಳಿಯವನದ್ದು.

ಮಳೆಗಾಲ ಕಳೆಯಿತು. ಬಿಲ್ಡು ಗಲ್ಫಿಗೆ ಹೋಗಿತ್ತು, ಅಲ್ಲಿಂದ ಹೊಗಳಿಕೆಯೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಕೌಂಟರಿನವರಿಗೆ ಕಿರಿಕಿರಿಯಾಗುತ್ತಿದೆ ಎಂದು ಒಮ್ಮೆ ಬಂದಿತ್ತು, ಮ್ಯಾನೇಜರು ಹೇಗೋ ಸುಧಾರಿಸಿದರು. ನಾನು ಬೇರೆ ಬಗ್ಗುಗಳ ಹಿಂದೆ ಬಿದ್ದು ಅದನ್ನು ಮರೆತೂ ಬಿಟ್ಟಿದ್ದೆ.

ಒಂದು ಗುರುವಾರ ಸಂಜೆ ಬಾಪನ ಫೋನು ಬಂತು. ಸ್ವರ ಸ್ವಲ್ಪ ಕುಂದಿತ್ತು. ಅಡುಗೆಮನೆಯಲ್ಲಿ ಕಾಲಿಗೆ ತಗಡು ಕೊಯ್ದು, ಗಾಯ ಕೀವಾಗಿ, ಜ್ವರ ಬಂದು ಕ್ಲಿನಿಕ್ಕಿಗೆ ಹೋಗಿದ್ದರಂತೆ. "ಮತ್ತೆ?" ಎಂದೆ.

"ಮತ್ತೆ ಎಂತ ಇಲ್ಲ. ಕಾರ್ಡು ಹೊಸತು, ಹಾಗಾಗಿ ಕೌಂಟರಿನವ ಹೆಸರು ಕೇಳಿದ, ಎಲ್ಲ ಕೇಳಿದ. ಆಮೇಲೆ ಕಂಪ್ಯೂಟರ್ ನೋಡಿದ, ನನ್ನ ಮುಖ ನೋಡಿದ. ಅದನ್ನು ನನ್ನ ಕಡೆ ತಿರುಗಿಸಿ, ಫೋಟೋ ಇಲ್ಲ ಏನಿಲ್ಲ, ಹಿಂದಿಯಲ್ಲಿ ಓದಿ ಹೇಳಿದ. ಕಳೆದ ತಿಂಗಳು ಸೊಂಟನೋವಿಗೆ ಬಂದವರು, ಇದು ನೀವಾ ಅಂತ."

"ನೀವು ಏನು ಹೇಳಿದಿರಿ?"

"ಅಲ್ಲ ಅಂತ ಹೇಳಿದೆ. ಸೊಂಟನೋವು ಇದ್ದದ್ದು ಇವನಿಗಲ್ವಾ, ವಿಟ್ಲದವನಿಗೆ. ಕೆಳಗಿನದನ್ನು ಓದಿದ, ಅದು ನಾನು ಎಂದೆ. ಅದರಲ್ಲಿ ಕೆಂಪು ಕೆಂಪಾಗಿ ಏನೋ ಇತ್ತು. ಡಾಕ್ಟರು ಅದನ್ನು ನೋಡಿ, ಬರೆದದ್ದನ್ನು ಹರಿದು ಬೇರೆ ಬರೆದರು. ಈಗ ಪರವಾಗಿಲ್ಲ, ಜ್ವರ ಬಿಟ್ಟಿದೆ."

ಉಮ್ಮ ಪಕ್ಕದಲ್ಲಿ ನಿಂತು ಏನಂತೆ, ಏನಂತೆ ಎಂದು ಕೈ ಎಳೆಯುತ್ತಿದ್ದಳು. ನಾನು ರಿಸೀವರನ್ನು ಇಬ್ಬರಿಗೂ ಕೇಳುವ ಹಾಗೆ ಹಿಡಿದೆ.

"ಗೊತ್ತುಂಟಾ ಮಗಳೇ," ಎಂದರು ಬಾಪ, "ಇಲ್ಲಿಗೆ ಬಂದ ಮೇಲೆ ಕಾರ್ಡ್ ತೋರಿಸು, ನಂಬರ್ ಹೇಳು ಅಂತ ಕೇಳಿದವರು ಎಷ್ಟೋ ಜನ. ಇದು ನೀವಾ ಅಂತ ಮುಖ ನೋಡಿ ಕೇಳಿದವ ಇವನೊಬ್ಬನೇ. ಒಳ್ಳೆಯ ಮನುಷ್ಯ."

ಅವನು ಕೇಳದೆ ಇರುವ ಹಾಗಿರಲಿಲ್ಲ ಬಾಪ, ಕೇಳುವ ತನಕ ಅದು ಮುಂದೆ ಹೋಗುವುದಿಲ್ಲ, ಅದು ನಮ್ಮ ಅಕ್ಕನ ಮಾತು, ಹುಬ್ಬಳ್ಳಿಯವನ ಕೋಡು, ನಿಮ್ಮದೇ ಉಪಾಯ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲು ಮನಸ್ಸಾಗಲಿಲ್ಲ.

"ಹೌದು ಬಾಪ," ಎಂದೆ. "ಒಳ್ಳೆಯ ಮನುಷ್ಯ."